ತಾಳ ತಪ್ಪಿದ ಇನ್ವರ್ಟರ್‌ಗಳು

2016ರ ಆಗಸ್ಟ್ 16. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಹೋನ್ ಪಾಸ್ ಅನ್ನೋ ಕಣಿವೆ ಹತ್ತಿರ ಕಾಡಿಗೆ ಬೆಂಕಿ ಬಿತ್ತು. ಅದಕ್ಕೆ 'ಬ್ಲೂ ಕಟ್ ಫೈರ್' ಅಂತ ಹೆಸರು. ಆ ಕಣಿವೆಯಲ್ಲೇ ದೊಡ್ಡ ದೊಡ್ಡ ಹೈಟೆನ್ಷನ್ ಲೈನುಗಳು ಹಾದು ಹೋಗಿವೆ. ಹೊಗೆ ಮತ್ತು ಬೆಂಕಿಗೆ ಒಂದಾದ ಮೇಲೊಂದು ಲೈನು ಫಾಲ್ಟ್ ಆಗತೊಡಗಿತು. ಕಾಡ್ಗಿಚ್ಚಿನ ನಾಡಲ್ಲಿ ಇದೇನೂ ಹೊಸದಲ್ಲ. ಆದರೆ 11 ಗಂಟೆ 45 ನಿಮಿಷಕ್ಕೆ ಆದ ಫಾಲ್ಟ್ ಇದೆಯಲ್ಲ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಸರಿಹೋಯ್ತು. ಅಷ್ಟರಲ್ಲಿ ಸುಮಾರು 1,200 ಮೆಗಾವ್ಯಾಟ್ ಸೋಲಾರ್ ವಿದ್ಯುತ್ ಮಾಯ! ನಮ್ಮ ಉಡುಪಿಯ ಕಲ್ಲಿದ್ದಲು ಸ್ಥಾವರ ಇಡೀ ನಿಂತುಹೋದರೆ ಎಷ್ಟೋ, ಅಷ್ಟು.

ಸೂರ್ಯ ನೆತ್ತಿಯ ಹತ್ತಿರ ಇದ್ದ. ಪ್ಯಾನೆಲ್‌ಗಳಿಗೆ ಬೆಂಕಿ ತಾಗಿರಲಿಲ್ಲ. ಹಾಗಾದ್ರೆ ಆಗಿದ್ದೇನು?

ಅದನ್ನು ತಿಳಿಯೋಕೆ ಸ್ವಲ್ಪ ಹಿಂದೆ ಹೋಗಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಅದನ್ನು ಹುಟ್ಟಿಸಿದ್ದು ತಿರುಗುವ ಯಂತ್ರ. ನೂರು ವರ್ಷ ಜಗತ್ತಿನ ಕರೆಂಟಿನ ಕಥೆ ಹೆಚ್ಚುಕಡಿಮೆ ಇಷ್ಟೇ: ನೀರಾಗಲಿ, ಉಗಿಯಾಗಲಿ, ನೂರಾರು ಟನ್ ಕಬ್ಬಿಣವನ್ನು ತಿರುಗಿಸಬೇಕು. ಕುಂಬಾರನ ಚಕ್ರ ನೋಡಿದ್ದೀರಲ್ಲ? ಕೋಲು ತೆಗೆದ ಮೇಲೂ ಅದು ತಿರುಗುತ್ತಲೇ ಇರುತ್ತೆ. ಹಾಗೇ ಎಲ್ಲೋ ಒಂದು ಘಟಕ ಕೈಕೊಟ್ಟರೂ ಉಳಿದ ಟರ್ಬೈನುಗಳು ತಮ್ಮ ವೇಗದಲ್ಲಿರುವ ಶಕ್ತಿಯನ್ನೇ ಕೊಟ್ಟು ಕೆಲವು ಸೆಕೆಂಡು ಗ್ರಿಡ್ಡನ್ನು ಹಿಡಿದು ನಿಲ್ಲಿಸುತ್ತವೆ. ಇದೇ ಜಡತ್ವ, ಇನರ್ಷಿಯಾ. ಯಾರೂ ಇದಕ್ಕೆ ಬಿಲ್ ಹಾಕಿರಲಿಲ್ಲ. ಪುಕ್ಕಟೆ ಸಿಗ್ತಿತ್ತು.

ಸೋಲಾರ್ ಪ್ಯಾನೆಲ್ಲಿನಲ್ಲಿ ತಿರುಗುವುದು ಏನೂ ಇಲ್ಲ. ಅದರ ಡಿಸಿ ಕರೆಂಟನ್ನು ಇನ್ವರ್ಟರ್ ಎಸಿ ಮಾಡಿ ಗ್ರಿಡ್ಡಿಗೆ ಕೊಡಬೇಕು. ಭಜನೆಗೆ ತಡವಾಗಿ ಬಂದು ಕೂತವನು ಮೊದಲು ತಾಳ ಕೇಳಿಸಿಕೊಳ್ತಾನೆ, ಆಮೇಲೆ ದನಿಗೂಡಿಸುತ್ತಾನೆ. ಇನ್ವರ್ಟರ್ ಮಾಡುವುದೂ ಅದನ್ನೇ. ಆ ಕೇಳಿಸಿಕೊಳ್ಳುವ ಕಿವಿಗೆ ಫೇಸ್ ಲಾಕ್ಡ್ ಲೂಪ್ ಅಂತಾರೆ. 1932ರಲ್ಲಿ ಫ್ರಾನ್ಸಿನ ಆನ್ರಿ ದ ಬೆಲ್ಸೀಜ್ ಅದನ್ನು ವಿವರಿಸಿದ್ದು ರೇಡಿಯೋಗೋಸ್ಕರ. ಇವತ್ತು ವಿದ್ಯುತ್ ಜಾಲಗಳೇ ಅದನ್ನು ನಂಬಿಕೊಂಡಿವೆ.

ಕ್ಯಾಲಿಫೋರ್ನಿಯಾದಲ್ಲಿ ಮೋಸ ಹೋಗಿದ್ದು ಈ ಕಿವಿ. ಅಲ್ಲಿನ ಗ್ರಿಡ್ಡಿನ ತಾಳ 60 ಹರ್ಟ್ಸ್. ಫಾಲ್ಟಿನ ಕ್ಷಣದಲ್ಲಿ ಅಲೆ ಥಟ್ಟನೆ ವಿರೂಪಗೊಂಡಿತು. ಹಲವು ಇನ್ವರ್ಟರುಗಳು ಅದನ್ನು ನೋಡಿ ತಾಳ 57ಕ್ಕಿಂತ ಕೆಳಗೆ ಬಿತ್ತು ಅಂತ ಲೆಕ್ಕ ಹಾಕಿ, ಆ ಕ್ಷಣವೇ ಸಂಪರ್ಕ ಕಡಿದುಕೊಂಡವು. ನಿಜವಾಗಿ ತಾಳ ಅರ್ಧ ಹರ್ಟ್ಸ್ ಕೂಡ ಇಳಿದಿರಲಿಲ್ಲ! ಸುಮಾರು 700 ಮೆಗಾವ್ಯಾಟ್ ಹೋಗಿದ್ದು ಬರೀ ಈ ತಪ್ಪು ಕೇಳಿಕೆಯಿಂದ. ಉಳಿದದ್ದರಲ್ಲಿ ಬಹುಪಾಲು ವೋಲ್ಟೇಜ್ ಕುಸಿಯಿತು ಅಂತ ಸುಮ್ಮನಾದ ಇನ್ವರ್ಟರುಗಳದ್ದು. ಪರಿಹಾರ? ಕಡಿದುಕೊಳ್ಳುವ ಮೊದಲು ಕೆಲವು ಸೆಕೆಂಡು ತಾಳ್ಮೆಯಿಂದಿರು ಅಂತ ಸೆಟ್ಟಿಂಗ್ ಬದಲಾಯಿಸಿದರು, ಅಷ್ಟೇ. ಅವತ್ತು ಗ್ರಿಡ್ ಬೀಳಲಿಲ್ಲ, ಯಾಕಂದ್ರೆ ಅಮೆರಿಕದ ಪಶ್ಚಿಮ ಜಾಲ ದೊಡ್ಡದು, ತಿರುಗುವ ಕಬ್ಬಿಣ ಸಾಕಷ್ಟಿತ್ತು.

ಆರು ವಾರ ಕಳೀತು. ಸೆಪ್ಟೆಂಬರ್ 28, ದಕ್ಷಿಣ ಆಸ್ಟ್ರೇಲಿಯಾ. ಸುಂಟರಗಾಳಿಗೆ ಟವರುಗಳು ಮಲಗಿದವು. ಒಂದರ ಹಿಂದೊಂದು ವೋಲ್ಟೇಜ್ ಕುಸಿತ. ಗಾಳಿ ಯಂತ್ರಗಳು ಮೊದಲ ಏಟುಗಳನ್ನು ತಡೆದುಕೊಂಡವು. ಆದರೆ ಇಂತಿಷ್ಟು ಏಟು ಬಿದ್ದರೆ ಹಿಂದೆ ಸರಿ ಅನ್ನೋ ಲೆಕ್ಕ ಅವುಗಳ ಸಾಫ್ಟ್‌ವೇರಿನಲ್ಲಿತ್ತು. ಗ್ರಿಡ್ ನಡೆಸುವವರಿಗೇ ಅದು ಗೊತ್ತಿರಲಿಲ್ಲ. 456 ಮೆಗಾವ್ಯಾಟ್ ಹೋಯ್ತು. ಪಕ್ಕದ ವಿಕ್ಟೋರಿಯಾದಿಂದ ಬರುವ ಲೈನು ಭಾರ ತಾಳದೆ ಕಡಿದುಕೊಂಡಿತು. ಹಿಡಿದು ನಿಲ್ಲಿಸೋಕೆ ಭಾರದ ಚಕ್ರಗಳು ತೀರಾ ಕಡಿಮೆ. ತಾಳ ಎಷ್ಟು ಜೋರಾಗಿ ಬಿತ್ತು ಅಂದ್ರೆ, ಕೆಲವು ಊರುಗಳನ್ನು ಕತ್ತಲು ಮಾಡಿ ಉಳಿದವನ್ನು ಉಳಿಸೋಕೂ ಸಮಯ ಸಿಗಲಿಲ್ಲ. ಮಧ್ಯಾಹ್ನ 3 ಗಂಟೆ 48 ನಿಮಿಷಕ್ಕೆ ಇಡೀ ರಾಜ್ಯ ಕತ್ತಲು. ಸುಮಾರು ಎಂಟೂವರೆ ಲಕ್ಷ ಗ್ರಾಹಕರು.

ಆಮೇಲೆ ಶುರುವಾಯ್ತು ನೋಡಿ ರಾಜಕೀಯ. ಗಾಳಿ ಯಂತ್ರ ನಂಬಿ ಕೆಟ್ಟೆವು ಅಂತ ಒಂದು ಗುಂಪು, ಬರೀ ಬಿರುಗಾಳಿ ಅಂತ ಇನ್ನೊಂದು. ನಮ್ಮ ಒಂಬತ್ತು ಗಂಟೆಯ ಡಿಬೇಟ್ ಥರಾನೇ! ಸಾಫ್ಟ್‌ವೇರಿನ ಒಂದು ಸಂಖ್ಯೆ ಯಾವ ಪಕ್ಷಕ್ಕೂ ಸೇರಿದ್ದಲ್ಲವಲ್ಲ, ಅದನ್ನು ಕೂಗಿ ಹೇಳೋಕೆ ಆಗಲ್ಲ. ಆದರೆ ಆ ರಾಜ್ಯ ಕೆಲಸಾನೂ ಮಾಡಿತು. 2017ರ ಡಿಸೆಂಬರ್ ಹೊತ್ತಿಗೆ ಹಾರ್ನ್ಸ್‌ಡೇಲಿನಲ್ಲಿ 100 ಮೆಗಾವ್ಯಾಟಿನ ಟೆಸ್ಲಾ ಬ್ಯಾಟರಿ ಕೂತಿತು. 2021ರಲ್ಲಿ ವಿದ್ಯುತ್ ಉತ್ಪಾದಿಸದೆ ಸುಮ್ಮನೆ ತಿರುಗುವ ನಾಲ್ಕು ಸಿಂಕ್ರೊನಸ್ ಕಂಡೆನ್ಸರುಗಳನ್ನು ಹಾಕಿದರು. ಹೌದು, ಬರೀ ತಿರುಗೋಕೆ. ಪುಕ್ಕಟೆ ಸಿಗುತ್ತಿದ್ದುದನ್ನು ಈಗ ದುಡ್ಡು ಕೊಟ್ಟು ತಂದರು. 2022ರಲ್ಲಿ ಅದೇ ಬ್ಯಾಟರಿಯ ಇನ್ವರ್ಟರುಗಳಿಗೆ ತಾಳ ಕೇಳುವುದರ ಬದಲು ತಾವೇ ತಾಳ ಹಾಕುವುದನ್ನು ಕಲಿಸಿದರು. ಇದಕ್ಕೆ ಗ್ರಿಡ್ ಫಾರ್ಮಿಂಗ್ ಅಂತಾರೆ. ಕೇಂದ್ರದಿಂದ ಹುಕುಂ ಇಲ್ಲದೆ ಹಲವು ಇನ್ವರ್ಟರುಗಳು ತಮ್ಮತಮ್ಮಲ್ಲೇ ತಾಳ ಹೊಂದಿಸಿಕೊಳ್ಳುವ ದಾರಿಯನ್ನು ಚಂದೋರ್ಕರ್, ದಿವಾನ್, ಅಡಪ ಅನ್ನೋ ಮೂವರು 1993ರಲ್ಲೇ ಬರೆದಿಟ್ಟಿದ್ದರು. ಹೆಸರು ನೋಡಿ, ನಮ್ಮ ಕಡೆಯವರೇ! ಇಪ್ಪತ್ತಮೂರು ವರ್ಷ ಆದ ಮೇಲೆ ಜಗತ್ತಿಗೆ ಅದರ ತುರ್ತು ಗೊತ್ತಾಯ್ತು.

ಇಷ್ಟು ದೂರದ ಕಥೆ ಯಾಕೆ ಅಂತೀರಾ? 2012ರ ಜುಲೈ 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತ ಕತ್ತಲಾದಾಗ ಬೆಂಗಳೂರಿನಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಆಗ ದಕ್ಷಿಣದ ತಾಳವೇ ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ಇಡೀ ದೇಶವನ್ನು ಒಂದೇ 50 ಹರ್ಟ್ಸಿಗೆ ಕಟ್ಟಿತು. ಜಡತ್ವವೂ ಹಂಚಿಕೆಯಾಯ್ತು, ಅಪಾಯವೂ. ಅದರ ನಂತರ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂತು. ಮಧ್ಯಾಹ್ನ ಬಿಸಿಲು ಚೆನ್ನಾಗಿದ್ದಾಗ ಕಲ್ಲಿದ್ದಲು ಘಟಕಗಳನ್ನು ತಗ್ಗಿಸ್ತಾರೆ, ಕೆಲವನ್ನು ನಿಲ್ಲಿಸ್ತಾರೆ. ನಿಂತ ಒಂದೊಂದು ಘಟಕದ ಜೊತೆ ಒಂದೊಂದು ಕುಂಬಾರನ ಚಕ್ರವೂ ನಿಲ್ಲುತ್ತೆ.

ಇನ್ನು ಮುಂದೆ ಯಾವ ಇಂಧನ ಸಚಿವರು ಸ್ಟುಡಿಯೋಗೆ ಬಂದು ಇಷ್ಟು ಸಾವಿರ ಮೆಗಾವ್ಯಾಟ್ ಸೋಲಾರ್, ಇಷ್ಟು ಬ್ಯಾಟರಿ ಅಂತ ಪಟ್ಟಿ ಓದಿದರೂ ನನ್ನ ಮೊದಲ ಪ್ರಶ್ನೆ ಇದು: ಅದರಲ್ಲಿ ತಾಳ ಕೇಳೋವು ಎಷ್ಟು ಸರ್, ತಾಳ ಹಾಕೋವು ಎಷ್ಟು?