ಕೊಳಲಿಗೆ ದನಿಯಾದ ತಂತಿಗಳು

ಎರಡು ಸಂಗೀತ ಸಂಪ್ರದಾಯಗಳನ್ನು ಬೆರೆಸಿದಾಗ ಸಾಮಾನ್ಯವಾಗಿ ಒಂದು ಯಜಮಾನನಾಗುತ್ತದೆ; ಇನ್ನೊಂದು ಅಲಂಕಾರಕ್ಕಷ್ಟೇ ಉಳಿಯುತ್ತದೆ. ಹಾಗಾಗದಂತೆ ಬೆರೆಸಲು ಸಾಧ್ಯವೆ? ಅಮೆರಿಕದ ಸಂಗೀತ ರಚನಕಾರ್ತಿ ಗೇಬ್ರಿಯೆಲಾ ಲೀನಾ ಫ್ರಾಂಕ್ 2001ರಲ್ಲಿ ರಚಿಸಿದ ‘ಲೆಯೆಂದಾಸ್’ ಅಂಥದೊಂದು ಪ್ರಯತ್ನ. ಹೆಸರಿನ ಅರ್ಥ ‘ದಂತಕಥೆಗಳು’. ಎರಡು ವಯೊಲಿನ್, ಒಂದು ವಯೋಲ, ಒಂದು ಚೆಲ್ಲೊ ಕೂಡಿದ ಸ್ಟ್ರಿಂಗ್ ಕ್ವಾರ್ಟೆಟ್‌ಗಾಗಿ ಬರೆದ ಆರು ಭಾಗಗಳ ಕೃತಿಯಿದು.

1972ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜನಿಸಿದ ಫ್ರಾಂಕ್ ಅವರ ತಾಯಿ ಪೆರು ದೇಶದವರು, ತಂದೆ ಲಿಥುವೇನಿಯಾ ಮೂಲದ ಯಹೂದಿ ಮನೆತನದವರು. ಹುಟ್ಟಿನಿಂದಲೇ ಅವರಿಗೆ ಶ್ರವಣದೋಷವಿದೆ. ತಾಯಿಯ ನಾಡಿನ ಆಂಡಿಸ್ ಪರ್ವತಗಳ ಜನಪದ ಸಂಗೀತವೇ ಈ ಕೃತಿಯ ಸೆಲೆ.

ಇದರ ಹಿಂದೆ ಐದು ಶತಮಾನಗಳ ಇತಿಹಾಸವಿದೆ. 1532ರಲ್ಲಿ ಸ್ಪೇನಿನವರು ಇಂಕಾ ಸಾಮ್ರಾಜ್ಯದ ಮೇಲೆ ದಂಡೆತ್ತಿ ಹೋದಾಗ ಅಲ್ಲಿನವರ ಬಳಿ ಇದ್ದುದು ಊದುವ ಮತ್ತು ಬಾರಿಸುವ ವಾದ್ಯಗಳು. ತಂತಿವಾದ್ಯಗಳು ಬಂದದ್ದು ಗೆದ್ದವರ ಜೊತೆಗೆ. ಸ್ಥಳೀಯರು ಅವನ್ನು ತಿರಸ್ಕರಿಸಲಿಲ್ಲ. ಆರ್ಮಡಿಲ್ಲೊ ಎಂಬ ಪ್ರಾಣಿಯ ಗಟ್ಟಿ ಚಿಪ್ಪನ್ನೇ ಬುರುಡೆಯಾಗಿಸಿ ‘ಚರಾಂಗೊ’ ಎಂಬ ಪುಟ್ಟ ಗಿಟಾರನ್ನು ಮಾಡಿಕೊಂಡರು.

ಫ್ರಾಂಕ್ ಅವರದು ಇದಕ್ಕೆ ವಿರುದ್ಧ ದಿಕ್ಕಿನ ಪಯಣ. ಇಲ್ಲಿ ಯೂರೋಪಿನ ತಂತಿಗಳೇ ಆಂಡಿಸ್‌ನ ಕೊಳಲುಗಳ ಪಾಠ ಕಲಿಯಬೇಕು. ಮೊದಲ ಭಾಗ ಭಾರಿ ಗಾತ್ರದ ಜೋಡುಕೊಳಲು ‘ತೋಯೊ’ವನ್ನು ಕುರಿತದ್ದು. ಎರಡನೆಯದು ‘ತಾರ್ಕಾ’ ಎಂಬ ಮರದ ಕೊಳಲಿನ ಒಡೆದ, ಕರ್ಕಶ ದನಿಯನ್ನು ನೆನಪಿಸುತ್ತದೆ. ನಾಲ್ಕನೆಯ ಭಾಗದ ನಾಯಕ ‘ಚಾಸ್ಕಿ’, ಅಂದರೆ ಬೆಟ್ಟದಿಂದ ಬೆಟ್ಟಕ್ಕೆ ಓಡಿ ಸುದ್ದಿ ಮುಟ್ಟಿಸುತ್ತಿದ್ದ ಇಂಕಾ ಓಲೆಕಾರ. ಓಡುವವನು ಹಗುರಾದ ವಾದ್ಯವನ್ನಷ್ಟೇ ಒಯ್ಯಬಲ್ಲನೆಂದು ಇಲ್ಲಿ ತಂತಿಗಳು ಚರಾಂಗೊ ಮತ್ತು ಸಣ್ಣ ಕೊಳಲಿನ ಛಾಯೆ ತಾಳುತ್ತವೆ. ಐದನೆಯದರಲ್ಲಿ ಸಾವಿನ ಮನೆಯಲ್ಲಿ ಕೂಲಿಗೆ ಅಳುವ ಹೆಂಗಸಿದ್ದಾಳೆ. ಕೊನೆಯದರಲ್ಲಿ ಪ್ರಣಯಗೀತೆ ಹಾಡುವ ಗಂಡಸರ ಗಿಟಾರುಗಳ ಅಬ್ಬರವಿದೆ.

ಈ ಬೆರಕೆಗೆ ಫ್ರಾಂಕ್ ನೆನೆಯುವುದು ಪೆರುವಿನ ಸಾಹಿತಿ, ಮಾನವಶಾಸ್ತ್ರಜ್ಞ ಹೋಸೆ ಮಾರಿಯಾ ಆರ್ಗೆದಾಸ್ (1911–1969) ಅವರನ್ನು. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡ ಅವರು ಕೆಚುವಾ ಮಾತಾಡುವ ಆಳುಗಳ ನಡುವೆ ಬೆಳೆದರು. ಸ್ಪ್ಯಾನಿಷ್‌ನಲ್ಲಿ ಬರೆದರೂ ಕೆಚುವಾದ ಜಾಡನ್ನು ಬಿಡಲಿಲ್ಲ. ಒಂದನ್ನೊಂದು ತುಳಿಯದೆ ಸಂಸ್ಕೃತಿಗಳು ಒಟ್ಟಿಗೆ ಬಾಳಬಹುದೆಂಬುದು ಅವರ ನಂಬಿಕೆಯಾಗಿತ್ತು.

‘ಲೆಯೆಂದಾಸ್’ ಆ ನಂಬಿಕೆಯನ್ನು ನಾದದಲ್ಲಿ ಪರೀಕ್ಷೆಗೊಡ್ಡುತ್ತದೆ. ಇಲ್ಲಿ ವಯೊಲಿನ್ ವಯೊಲಿನ್ ಆಗಿಯೇ ಇದೆ. ಆದರೆ ತಾರ್ಕಾದ ದನಿ ಬೇಕಾದಾಗ ತನ್ನ ನಯವಾದ ನಾದವನ್ನು ಬದಿಗಿಡಬೇಕಾದದ್ದು ಅದೇ, ತಾರ್ಕಾ ಅಲ್ಲ.