ಕೈಗೆ ತಕ್ಕ ಚೆಂಡು

ಮಂಗಸೂಳಿಯ ಖಂಡೋಬನ ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಬೆಳೆದವನು ಗಾಲ್ಫ್ ಚೆಂಡಿನ ಮೇಲೆ ಬರೆಯಹೊರಟರೆ ವಾಚಕರು ನಕ್ಕಾರು. ನಗಲಿ. ಆ ಆಟದ ಮೊದಲ ಪ್ರಶ್ನೆ ನಮ್ಮೂರ ಹುಡುಗರಿಗೂ ಹೊಸತಲ್ಲ. ಚಿಣಿಫಣಿ ಆಡುವವನು ಚಿಣಿಯನ್ನು ತನ್ನ ಕೈಗೆ ತಕ್ಕಂತೆ ಕೆತ್ತಿಕೊಳ್ಳುತ್ತಾನೆ. ದಪ್ಪನಾದರೆ ಹತ್ತಿರವೇ ಬೀಳುತ್ತದೆ, ತೀರ ಹಗುರಾದರೆ ಗಾಳಿ ಎಳೆದೊಯ್ಯುತ್ತದೆ. ಗಾಲ್ಫ್ ಆಡುವವರು ಇಂದು ಅಂಗಡಿಯಲ್ಲಿ ನಿಂತು ಕೇಳುವುದೂ ಇದನ್ನೇ: ನನ್ನ ಬೀಸಿಗೆ ಯಾವ ಚೆಂಡು ಹೊಂದೀತು? ಆದರೆ ಹೀಗೆ ಕೇಳುವ ಅನುಕೂಲ ಸಾಮಾನ್ಯ ಆಟಗಾರನಿಗೆ ಒದಗಿದ್ದು ಬಹಳ ತಡವಾಗಿ. ಅದು ಒದಗಿದ ಕಥೆ ನಮ್ಮ ಮಲೆನಾಡಿನ ಅಂಚನ್ನೂ ತಾಕಿಕೊಂಡು ಹೋಗಿದೆ.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಸ್ಕಾಟ್ಲೆಂಡಿನಲ್ಲಿ ಚೆಂಡೆಂದರೆ ಗರಿಯ ಚೆಂಡು. ಒಂದು ಎತ್ತರದ ಟೋಪಿಯ ತುಂಬ ಹಿಡಿಯುವಷ್ಟು ಹಕ್ಕಿಯ ಗರಿಗಳನ್ನು ಕುದಿಸಿ, ಹಸಿಯಾಗಿರುವಾಗಲೇ ಸಣ್ಣದೊಂದು ತೊಗಲಿನ ಚೀಲದೊಳಗೆ ಕಬ್ಬಿಣದ ಸಲಾಕೆಯಿಂದ ಎದೆಗೊತ್ತಿ ತುರುಕಿ ಹೊಲಿಯುವರು. ಆರುವಾಗ ತೊಗಲು ಬಿಗಿಯುವುದು, ಗರಿ ಹಿಗ್ಗುವುದು, ಚೆಂಡು ಕಲ್ಲಾಗುವುದು. ನುರಿತ ಕೆಲಸಗಾರನೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಮಾಡಲಾರ. ಆದುದರಿಂದ ಒಂದು ಚೆಂಡಿನ ಬೆಲೆ ಎಷ್ಟೋ ಸಲ ಕೋಲಿನ ಬೆಲೆಯನ್ನೂ ಮೀರುತ್ತಿತ್ತು. ಮಳೆಯಲ್ಲಿ ನೆನೆದರೆ ಭಾರ, ಹೊಲಿಗೆ ಬಿಚ್ಚಿದರೆ ಗರಿಯೆಲ್ಲ ಗಾಳಿಪಾಲು. ಇಂಥಲ್ಲಿ ಚೆಂಡನ್ನು ಆರಿಸುತ್ತಿದ್ದುದು ತೋಳಲ್ಲ, ಜೇಬು.

ಗಟ್ಟಾಪರ್ಚಾ ಬಂದು ಇದನ್ನು ತಲೆಕೆಳಗು ಮಾಡಿತು. ಅದು ಮಲಯ ದೇಶದ ಒಂದು ಮರದ ಹಾಲು. ಬಿಸಿನೀರಿನಲ್ಲಿ ಮೆತ್ತಗಾಗಿ, ತಣಿದೊಡನೆ ಗಟ್ಟಿಯಾಗುವಂಥದು. ಸೇಂಟ್ ಆಂಡ್ರೂಸಿನ ರಾಬರ್ಟ್ ಪ್ಯಾಟರ್ಸನ್ ಎಂಬ ವಿದ್ಯಾರ್ಥಿಗೆ ಪೂರ್ವದೇಶದಿಂದ ವಿಷ್ಣುವಿನ ವಿಗ್ರಹವೊಂದು ಬಂದಿತೆಂದೂ, ಪೆಟ್ಟಿಗೆಯಲ್ಲಿ ಅದರ ಸುತ್ತ ತುಂಬಿದ್ದ ಗಟ್ಟಾ ಚೂರುಗಳನ್ನೇ ಉರುಟಿ ಅವನು ಮೊದಲ ಚೆಂಡು ಮಾಡಿದನೆಂದೂ ಒಂದು ಐತಿಹ್ಯವಿದೆ. ನಮ್ಮ ದೇವರಿಗೆ ಸಿಕ್ಕ ಈ ಗೌರವವನ್ನು ಬೇಡವೆನ್ನಲು ಮನಸ್ಸಾಗದು. ಆದರೂ ಐತಿಹ್ಯವನ್ನು ಐತಿಹ್ಯವೆಂದೇ ಓದಬೇಕು. 1848ರ ಹೊತ್ತಿಗಂತೂ ಈ ಚೆಂಡು ಬಳಕೆಗೆ ಬಂದಿತ್ತು. ಗರಿಚೆಂಡಿನ ಹೆಸರಾಂತ ಕುಶಲಿ ಅಲನ್ ರಾಬರ್ಟ್‌ಸನ್‌ಗೆ ಇದು ಹೊಟ್ಟೆಯ ಮೇಲಿನ ಏಟು. ಅವನ ಕೈಕೆಳಗಿನ ಟಾಮ್ ಮಾರಿಸ್ ಹೊಸ ಚೆಂಡಿನಿಂದ ಆಡಿದನೆಂದು ಇಬ್ಬರಿಗೂ ಮುರಿದುಬಿತ್ತು. 1851ರಲ್ಲಿ ಮಾರಿಸ್ ಪ್ರೆಸ್ಟ್‌ವಿಕ್‌ಗೆ ಹೊರಟುಹೋದ.

ಹೊಸದಾಗಿ ನುಣುಪಾಗಿದ್ದ ಗಟ್ಟಾ ಚೆಂಡು ಹಾರಿದಂತೆ ಹಾರಿ ಥಟ್ಟನೆ ಕೆಳಗೆ ಬೀಳುತ್ತಿತ್ತು. ಕೋಲಿನ ಏಟು ತಿಂದು ಮೈಯೆಲ್ಲ ಗಾಯವಾದದ್ದು ನೆಟ್ಟಗೆ ಹೋಗುತ್ತಿತ್ತು. ಇದನ್ನು ಕಂಡು ಜನ ಹೊಸ ಚೆಂಡನ್ನೂ ಸುತ್ತಿಗೆಯಿಂದ ಕಚ್ಚು ಮಾಡತೊಡಗಿದರು. ಇಂದಿನ ಚೆಂಡಿನ ಮೈಮೇಲಿನ ಗುಳಿಗಳ ಮೂಲ ಇದೇ.

ಇನ್ನು ನಮ್ಮ ಮಲೆನಾಡಿನ ಮಾತು. ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿ ಗಟ್ಟಾಪರ್ಚಾಕ್ಕೆ ವಿಪರೀತ ಬೇಡಿಕೆ ಬಂದಿತು. ಅದರ ಮುಂದೆ ಚೆಂಡಿಗೆ ಬೇಕಾದುದು ಅಲ್ಪ. ಹಾಲಿಗಾಗಿ ಮಲಯದಲ್ಲಿ ಮರಗಳನ್ನೇ ಉರುಳಿಸುತ್ತಿದ್ದರು. ಅದೇ ಕುಲದ ಮರವೊಂದು ನಮ್ಮ ಪಶ್ಚಿಮಘಟ್ಟದಲ್ಲಿಯೂ ಉಂಟು, ಹಡಸಲೆ ಎಂದು ಹೆಸರು. ಇದರ ಹಾಲನ್ನು ಪರೀಕ್ಷಿಸಿ 1858ರಲ್ಲಿ ಟಿಪ್ಪಣಿ ಪ್ರಕಟಿಸಿದವರು ಡಾ. ಹ್ಯೂ ಕ್ಲೆಗ್‌ಹಾರ್ನ್. ಮದರಾಸಿನಲ್ಲಿ ಹುಟ್ಟಿದವರು, 1840ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯರಾಗಿದ್ದವರು, ಲಾಲ್‌ಬಾಗನ್ನು ಸರಕಾರಿ ಸಸ್ಯೋದ್ಯಾನವನ್ನಾಗಿಸುವಲ್ಲಿ ಸಲಹೆ ಕೊಟ್ಟವರು, 1856ರಲ್ಲಿ ಮದರಾಸು ಪ್ರಾಂತದ ಮೊದಲ ಅರಣ್ಯಾಧಿಪತಿಯಾದವರು. ಅವರ ಮನೆತನದ ಎಸ್ಟೇಟು ಸ್ಟ್ರಾವಿದಿ, ಗಾಲ್ಫಿನ ಕಾಶಿಯಾದ ಸೇಂಟ್ ಆಂಡ್ರೂಸಿನಿಂದ ಕೆಲವೇ ಮೈಲು. ಕಾಡಿನ ನಾಶದ ವಿರುದ್ಧ ಬರೆದವರೇ ಕಾಡಿನ ಹಾಲಿಗೆ ಬೆಲೆ ಹುಡುಕುತ್ತಿದ್ದರೆಂಬುದು ಆ ಕಾಲದ ಸ್ವಭಾವ. ಹಡಸಲೆಯ ಹಾಲು ಮಲಯದ ಹಾಲಿಗೆ ಸಮನಾಗಲಿಲ್ಲ, ವ್ಯಾಪಾರದಲ್ಲಿ ನಿಲ್ಲಲಿಲ್ಲ. ಅದು ಸಮನಾಗಿದ್ದರೆ ನಮ್ಮ ಘಟ್ಟದ ಎಷ್ಟು ಮರ ಉಳಿಯುತ್ತಿದ್ದುವೋ! ಹಾಲು ಕೀಳಾದುದೇ ಮರಕ್ಕೆ ವರವಾಯಿತೆಂದು ನನ್ನ ಭಾವನೆ.

1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾದಾಗ ಇನ್ನೂ ಗಟ್ಟಾ ಚೆಂಡಿನದೇ ಕಾಲ. ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ 1898ರಲ್ಲಿ ರಬ್ಬರು ದಾರವನ್ನು ಬಿಗಿಯಾಗಿ ಸುತ್ತಿ ಹೊಸ ಚೆಂಡು ಮಾಡಿದ. 1902ರ ಬ್ರಿಟಿಷ್ ಓಪನ್ನನ್ನು ಸ್ಯಾಂಡಿ ಹರ್ಡ್ ಅದರಿಂದ ಗೆದ್ದ ಮೇಲೆ ಗಟ್ಟಾ ಮೂಲೆ ಸೇರಿತು. ದಾರವನ್ನು ಹೆಚ್ಚು ಬಿಗಿದರೆ ಗಡಸು, ಸಡಿಲಿಸಿದರೆ ಮೃದು. ಬೀಸಿಗೆ ತಕ್ಕ ಚೆಂಡೆಂಬ ಮಾತಿಗೆ ನಿಜವಾದ ಅರ್ಥ ಬಂದುದು ಇಲ್ಲಿಂದ. ಅಳತೆಯಲ್ಲಿಯೂ ಬಹುಕಾಲ ಎರಡು ಪಂಗಡ: ಬ್ರಿಟನ್ನಿನದು 1.62 ಅಂಗುಲ, ಅಮೆರಿಕದ್ದು 1.68. ಚಿಕ್ಕದು ಎದುರುಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. 1990ರಲ್ಲಿ ಅದು ರದ್ದಾಗಿ, ವ್ಯಾಸ 1.68 ಅಂಗುಲಕ್ಕೆ ಕಡಿಮೆಯಿರಬಾರದು, ತೂಕ 1.62 ಔನ್ಸಿಗೆ ಮೀರಬಾರದು ಎಂಬುದೇ ಎಲ್ಲೆಡೆಯ ನಿಯಮವಾಯಿತು.

ಮೆಲ್ಲಗೆ ಬೀಸುವವನಿಗೆ ಮೃದು ಚೆಂಡು, ಜೋರಾಗಿ ಬೀಸುವವನಿಗೆ ಗಡಸು ಎಂಬ ಸೂತ್ರ ಇಂದಿಗೂ ಬಾಯಿಂದ ಬಾಯಿಗೆ ನಡೆದಿದೆ. ಅದನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ದೂರದ ಹೊಡೆತದಲ್ಲಿ ಒಳ್ಳೆಯ ಚೆಂಡುಗಳೊಳಗಿನ ಅಂತರ ಅಲ್ಪ. ಕುಳಿಯ ಬಳಿ ಸಾರಿದಾಗ ಚೆಂಡು ಎಷ್ಟು ತಿರುಗಿ ಎಲ್ಲಿ ನಿಲ್ಲುತ್ತದೆಂಬುದರಲ್ಲಿ ಅಂತರ ಹೆಚ್ಚು. ಆದುದರಿಂದ ಪರೀಕ್ಷೆಯನ್ನು ಕುಳಿಯಿಂದ ಹಿಂದಕ್ಕೆ ಮಾಡುತ್ತ ಬರುವುದು ಲೇಸು, ಒಂದನ್ನು ಆರಿಸಿದ ಮೇಲೆ ಅದನ್ನೇ ಹಿಡಿದಿರುವುದು ಇನ್ನೂ ಲೇಸು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದಾಗ, ದೂರ ಹೊಡೆಯುವುದರಲ್ಲಿ ಅವರು ಬಹಳ ಜನರಿಗಿಂತ ಹಿಂದಿದ್ದರು. ಪದಕದ ಹತ್ತಿರಕ್ಕೆ ಅವರನ್ನು ಒಯ್ದುದು ಕುಳಿಯ ಸುತ್ತಲಿನ ಸಣ್ಣ, ಮೆಲ್ಲನೆಯ ಏಟುಗಳು.