ಮಾರ್ಟಿನ್ ಲಾಂದ್ರ

ಜರ್ಮನಿಯ ಶಿಶುವಿಹಾರಗಳಲ್ಲಿ ಮಕ್ಕಳು ಶರತ್ಕಾಲದಲ್ಲಿ ತಯಾರಿಸುವ ಕಾಗದದ ದೀಪ. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಮೆರವಣಿಗೆಗಾಗಿ ಇದನ್ನು ಮಾಡುತ್ತಾರೆ. 4ನೆಯ ಶತಮಾನದ ರೋಮನ್ ಸೈನಿಕ ಮಾರ್ಟಿನ್, ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನೆಂಬುದು ಐತಿಹ್ಯ.

ತಯಾರಿಕೆ: ಉದುರಿದ ಮೇಪಲ್ ಎಲೆಗಳನ್ನು ಪುಸ್ತಕದ ಹಾಳೆಗಳ ನಡುವೆ ಒತ್ತಿಟ್ಟು ಒಣಗಿಸಬೇಕು. ಊದಿದ ಬಲೂನಿನ ಮೇಲೆ ತೆಳುಕಾಗದದ ಚೂರುಗಳನ್ನು ಪದರಪದರವಾಗಿ ಅಂಟಿಸಿ, ನಡುವೆ ಎಲೆಗಳನ್ನು ಸೇರಿಸಬೇಕು. ಒಣಗಿದ ಮೇಲೆ ಬಲೂನು ಒಡೆದು, ಮೇಲ್ಭಾಗ ಕತ್ತರಿಸಿ, ತಂತಿ ಕಟ್ಟಿ ಕೋಲಿಗೆ ತೂಗುಹಾಕಬೇಕು. ಒಳಗೆ ದೀಪವಿಟ್ಟಾಗ ಎಲೆಯ ನರಗಳೆಲ್ಲ ಎದ್ದು ಕಾಣುತ್ತವೆ. ಕಾಗದ ಹರಿದು ಅಂಟಿಸುವ ಈ ಕೆಲಸ 3–6 ವರ್ಷದ ಮಕ್ಕಳ ಬೆರಳುಗಳಿಗೆ ಒಳ್ಳೆಯ ತರಬೇತಿ. ಸುರಕ್ಷತೆಯ ದೃಷ್ಟಿಯಿಂದ ಮೇಣದಬತ್ತಿಯ ಬದಲು ಎಲ್‌ಇಡಿ ದೀಪ ಬಳಸುವುದು ಈಗ ಸಾಮಾನ್ಯ.